ಮಂಗಳವಾರದ ಉಪವಾಸ

ಕೊಳ್ಳೇಗಾಲದ ಕಾಲೇಜಿನಿಂದ ನಾವು ಸೇವಾ ಶಿಬಿರಕ್ಕೆ ಹೋದದ್ದು ಕಾಮಗೆರೆಗೂ ಹನೂರಿಗೂ ನಡುವಿನ ಒಂದು ಸಣ್ಣ ಊರಿಗೆ. ಏಳು ದಿನದ ಶಿಬಿರ. ಬೆಳಿಗ್ಗೆ ಚರಂಡಿ ತೆಗೆಯುವುದು, ಮಧ್ಯಾಹ್ನ ಹಿರಿಯರ ಮನೆಗೆ ಹೋಗಿ ಹಿಂದಿನ ಕಾಲದ ಜೀತದ ಬದುಕನ್ನು ಕೇಳಿ ಬರೆದುಕೊಳ್ಳುವುದು. ಚರಂಡಿ ತೆಗೆದದ್ದಕ್ಕಿಂತ ಅದರ ಮುಂದೆ ಗುದ್ದಲಿ ಹಿಡಿದು ಫೋಟೊ ತೆಗೆಸಿಕೊಂಡದ್ದೇ ಹೆಚ್ಚು.

ನಮ್ಮದು ಧನಗೆರೆ ಕಡೆಯ ಗದ್ದೆ ತೋಟದ ಮನೆ, ಹಣೆತುಂಬ ವಿಭೂತಿ ಇಡುವ ಜನ. ಆದರೂ ಆ ಶಿಬಿರದಲ್ಲಿ ಸಮಾನತೆಯ ವಿಷಯ ನನ್ನಷ್ಟು ತಿಳಿದವರು ಬೇರೆ ಯಾರೂ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಮೂರನೇ ದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ನಿಂತು ಅದರ ಮೇಲೆ ಅರ್ಧ ಗಂಟೆ ಭಾಷಣ ಬಿಗಿದೆ. ನಮ್ಮ ಜೊತೆ ಬಂದಿದ್ದ ಕಾಲೇಜಿನ ಮೇಷ್ಟ್ರು ಎಷ್ಟು ಮೆಚ್ಚಿದರೆಂದರೆ, ಮಧ್ಯಾಹ್ನ ಕೇರಿಯ ಹಿರಿಯ ತಾತನ ಮನೆಗೆ ನನ್ನನ್ನೇ ಕಳಿಸಿದರು. "ಜೀತಕ್ಕಿದ್ದೋರು. ಆದ್ರೆ ಯಾರತ್ರಾನೂ ಬಾಯಿ ಬಿಡಾಕಿಲ್ಲ. ನೀನಾದ್ರೂ ಬಿಡುಸ್ಕಂಡು ಬಾ" ಅಂದರು.

ಬಿಡಿಸಿಕೊಂಡೇ ಬರುತ್ತೇನೆ ಎಂದು ಹೊರಟೆ. ನಾನು ಪ್ರಶ್ನೆಗಳ ಹಾಳೆ ಬಿಚ್ಚುವ ಮೊದಲೇ ತಾತನ ಸೊಸೆ ಗಾಜಿನ ಲೋಟದಲ್ಲಿ ಟೀ ತಂದಿಟ್ಟಳು. ಆಗ ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿಬಿಟ್ಟಿತು.

"ಬೇಡ ಅಕ್ಕ, ಸೋಮವಾರ ನಂಗೆ ಉಪವಾಸ."

ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಬರುವ ವಿದ್ಯೆ. ಕುಡಿಯಬಾರದ ಮನೆಯಲ್ಲಿ ಏನಾದರೂ ಕೊಟ್ಟರೆ ನಮ್ಮಜ್ಜಿ ಸೋಮವಾರವನ್ನು ಮುಂದೆ ಮಾಡುತ್ತಿದ್ದರು, ಅಮ್ಮನೂ ಹಾಗೆಯೇ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿಯೇ ಕಲಿತಿದ್ದೆ.

"ಇವತ್ತು ಮಂಗಳವಾರ ಕಣವ್ವ" ಅಂದರು ತಾತ.

ನಾನು ಕೂತಲ್ಲೇ ಕುಗ್ಗಿಹೋದೆ. ತಾತನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು.

"ಯಳಂದೂರ್ ತಾವ ನಾನು ಜೀತಕ್ಕಿದ್ನಲ್ಲ, ಆ ಮನೆ ಅವ್ವಾರೂ ಇಂಗೇಯಾ. ನಮ್ಮವ್ವ ಕಡ್ಲೇಕಾಯಿ ಬೇಯಿಸ್ಕಂಡೋದ್ರೆ, ವಾರ್ವೆಲ್ಲಾ ಸೋಮ್ವಾರವೇ!"

ಆ ನಗುವೇ ಅವರ ಬಾಯಿ ಬಿಡಿಸಿತು. ಎಂಟು ವರ್ಷಕ್ಕೆ ಜೀತ ಸೇರಿದ್ದು, ಕೊಟ್ಟಿಗೆಯಲ್ಲಿ ದನಗಳ ಜೊತೆ ಮಲಗಿದ್ದು, ಗಂಜಿ ಕುಡಿಯಲು ಸೂರಿಗೆ ಸಿಕ್ಕಿಸಿಟ್ಟಿದ್ದ ತೆಂಗಿನ ಚಿಪ್ಪು, ನೀರಿಗೆ ಬರೀ ಬೊಗಸೆ. "ಎತ್ಗಾದ್ರೂ ಒಂದು ಎಸ್ರಿತ್ತು ಕಣವ್ವ. ನಂಗೆ 'ಲೇ' ಅನ್ನೋದೇ ಎಸ್ರು" ಅಂದರು. ಅವರು ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ. ತುಂಬಾ ನಾಚಿಕೆಯಾಯಿತು. ಟೀ ಆರಿ ಕೆನೆ ಕಟ್ಟಿತ್ತು. ಎತ್ತಿಕೊಂಡು ತಳದವರೆಗೂ ಕುಡಿದೆ. ಸೊಸೆ ಬಾಗಿಲಲ್ಲಿ ನಿಂತು ಲೋಟ ಖಾಲಿಯಾಗುವವರೆಗೂ ನೋಡಿದಳು.

ಹಾಳೆ ಎರಡೂ ಮಗ್ಗುಲು ತುಂಬಿತ್ತು. ಆ ಖುಷಿಯಲ್ಲಿ, "ತಾತ, ನೀವೂ ಒಂದ್ಸಲ ನಮ್ಮನೆಗೆ ಬನ್ನಿ, ಧನಗೆರೆ ಏನು ದೂರ ಇಲ್ಲ" ಅಂದೆ.

"ಬತ್ತೀನಿ ಕಣವ್ವ. ಯಾವ್ ಬಾಗ್ಲಿಂದ ಬರ್ಲಿ?"

ಚುಚ್ಚಿ ಕೇಳಿದ್ದಲ್ಲ. ಯಾವ ಬಸ್ಸು ಹತ್ತಲಿ ಎಂದು ಕೇಳುವ ಹಾಗೆ ಕೇಳಿದರು. ನಮ್ಮ ಮನೆಗೆ ಎರಡು ಬಾಗಿಲು. ಆಳುಗಳು ಬರುವುದು ಹಿತ್ತಿಲ ಕಡೆಯಿಂದ. ಅಲ್ಲಿ ಗೋಡೆಯ ಗೂಡಿನಲ್ಲಿ ಎರಡು ಸ್ಟೀಲ್ ಲೋಟಗಳಿವೆ, ಅವು ಒಳಗೆ ಬಂದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಅರ್ಧ ಗಂಟೆ ಭಾಷಣ ಮಾಡಿದ್ದವಳಿಗೆ ಮುಂಬಾಗಿಲು ಅನ್ನುವ ಒಂದು ಮಾತು ಹೊರಡಲಿಲ್ಲ.

"ಅಮ್ಮನ್ನ ಕೇಳಿ ಹೇಳ್ತೀನಿ ತಾತ" ಅಂದೆ.

"ಕೇಳವ್ವ, ಕೇಳು" ಎಂದು ಅವರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಇದಾಗಿ ಎರಡು ವರ್ಷವಾಯಿತು. ನನ್ನ ವರದಿಗೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತು. ಅಮ್ಮನನ್ನು ಇನ್ನೂ ಕೇಳಿಲ್ಲ.