ಸಪೂರ ಕುತ್ತಿಗೆಯ ಗಿಟಾರು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೇ ತಿಂಗಳ ಏಕಾದಶಿ, ಸೇಡಂನ ನಮ್ಮ ನಡುಮನೆ. ಚಿಂಚೋಳಿಯಿಂದ ಬರಬೇಕಿದ್ದ ನಾದಿನಿ ಇನ್ನೂ ಬಂದಿಲ್ಲವಲ್ಲ ಎಂದು ಗಡಿಯಾರದತ್ತ ತಲೆ ಎತ್ತಿದ್ದೆ. ಇಳಿಸುವಷ್ಟರಲ್ಲಿ ನನ್ನ ಗಂಡನ ಬಲಗೈ ಸ್ಪೀಕರಿನ ವಯರಿನ ಪಿನ್ನಿಗೂ ಎಡಗೈ ಕೂಲರಿನ ತಗಡಿಗೂ ಅಂಟಿಕೊಂಡಿದ್ದವು. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಅದಕ್ಕೂ ಐದು ದಿನ ಮೊದಲು ಹೈದರಾಬಾದಿನಿಂದ ಗಿಟಾರು ಬಂದಿತ್ತು. ಅದನ್ನು ಮಾಡುವ ಕಂಪನಿಯ ವಾದ್ಯಗಳನ್ನು ಇವರು ಇಪ್ಪತ್ತು ವರ್ಷ ಫೋಟೋದಲ್ಲಿ ಮಾತ್ರ ನೋಡಿದ್ದರು. ಅವು ನಮ್ಮಂಥವರು ಕೇಳುವ ಬೆಲೆಯವಲ್ಲ. ಆ ಕಂಪನಿಯವರೇ ಈಗ ಹೆಸರಾಂತ ಒಬ್ಬ ವಾದಕಿಗೆ ಬೇಕಾದ ಅಳತೆ ಕೇಳಿ, ಆಕೆಯ ಸಹಿ ಹಾಕಿ, ಸಂಬಳದವರ ಕೈಗೆಟಕುವ ಹಾಗೆ ಒಂದು ಗಿಟಾರು ಮಾಡಿದ್ದರು. ಮಧ್ಯದ ತೂತಿನೊಳಗೆ ಇಣುಕಿದರೆ ಕಾಗದದ ಮೇಲೆ ಸಹಿ ಕಾಣುತ್ತಿತ್ತು. ನಮ್ಮತ್ತೆ ಕನ್ನಡಕ ಹಾಕಿಕೊಂಡು ಇಣುಕಿದರು.

"ಇಷ್ಟು ದೊಡ್ಡ ಕಂಪನಿ ಅಂತಿ, ಸಹಿ ಹೊಟ್ಯಾಗ ಮಾಡ್ಯಾರಲ್ಲೋ. ಹೊರಗ ಮಾಡಿದ್ರ ನಾಕು ಮಂದಿ ನೋಡ್ತಿದ್ರು."

"ಅದು ಕಂಪನಿಯವರ ಸಹಿ ಅಲ್ಲವ್ವಾ, ಬಾರಿಸೋರದು," ಎಂದರು ಇವರು.

"ಬಾರಿಸೋದು ನೀ, ಸಹಿ ಅವರದು. ಛಲೋ ಅದ."

ಇವರು ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಕಾಲೇಜಿನ ದಿನಗಳಿಂದ ಪ್ಲೈವುಡ್ಡಿನ ಒಂದು ಗಿಟಾರು ಬಾರಿಸುತ್ತ ಬಂದವರು. ಅದರ ತಂತಿಗಳು ಎಷ್ಟು ಎತ್ತರಕ್ಕಿದ್ದವೆಂದರೆ ಅರ್ಧ ಗಂಟೆಗೆ ಬೆರಳಲ್ಲಿ ಗೀರು ಬೀಳುತ್ತಿತ್ತು. ಗಿಟಾರೆಂದರೆ ಹಾಗೇ ನೋಯಿಸಬೇಕು ಎಂದು ನಂಬಿದ್ದರು. ಹೊಸದರ ಮೇಲೆ ಮೊದಲ ಸಲ ಕೈಯಾಡಿಸಿದಾಗ ಅವರ ಮುಖ ನೋಡಿದೆ. ಯಾರೋ ಭಾರದ ಗಂಟೊಂದನ್ನು ತಲೆಯಿಂದ ಇಳಿಸಿಕೊಂಡ ಹಾಗಿತ್ತು. ನಾದ ತುಂಬಿ ಬಂತು, ನಿಧಾನವಾಗಿ ಆರಿತು. ಆರಿದ ಮೇಲೂ ನಾವು ಮೂವರೂ ಕೇಳುತ್ತಲೇ ಕೂತಿದ್ದೆವು.

ಏಕಾದಶಿಯಂದು ನಮ್ಮಲ್ಲಿ ಭಜನೆ. ಓಣಿಯ ಹೆಂಗಸರು ದಾಸರ ಪದ ಹಾಡುತ್ತಾರೆ, ಇವರು ಶ್ರುತಿಗೆ ಗಿಟಾರು ಹಿಡಿಯುತ್ತಾರೆ. ಹೊಸ ವಾದ್ಯದ ಮೊದಲ ಪದ ದೇವರ ಮುಂದೆಯೇ ಆಗಲಿ ಎಂದು ಅತ್ತೆಯ ಆಸೆ. ಬೆಳಿಗ್ಗೆ ಅವರೇ ನಡುಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಕಲ್ಲನ್ನು ನೀರು ಸುರಿದು ತೊಳೆದರು. ಬಂದವರಿಗೆ ಸೆಕೆಯಾಗಬಾರದೆಂದು ಕಬ್ಬಿಣದ ಕೂಲರನ್ನು ದೇವರ ಮಂಟಪದ ಪಕ್ಕಕ್ಕೆ ಎಳೆದೆವು.

ನಮ್ಮ ಕಡೆ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಕೂಲರಿನ ಬಳಿ ಒಂದು ಜೊತೆ ರಬ್ಬರ್ ಚಪ್ಪಲಿ ಇರುತ್ತದೆ. ಅದು ಯಾರದೂ ಅಲ್ಲ, ಕೂಲರಿನದು. ನೀರು ತುಂಬುವವರು ಅದನ್ನು ಮೆಟ್ಟಿಕೊಂಡೇ ತುಂಬುತ್ತಾರೆ, ಯಾಕೆಂದರೆ ತಗಡು ಮುಟ್ಟಿದರೆ ಚುರ್ ಅನ್ನುತ್ತದೆ. ಕೂಲರನ್ನು ರಿಪೇರಿ ಮಾಡಿಸಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ, ಚಪ್ಪಲಿ ಇದೆಯಲ್ಲ. ಆದರೆ ಅಂದು ಕೂಲರು ದೇವರ ಪಕ್ಕಕ್ಕೆ ಬಂದಿತ್ತು. ದೇವರ ಮುಂದೆ ಚಪ್ಪಲಿ ಹೇಗೆ? ಅತ್ತೆ ಅವನ್ನೆತ್ತಿ ಹಿತ್ತಿಲಲ್ಲಿಟ್ಟರು. ನಾನು ನೋಡಿದೆ, ಸರಿಯೇ ಅನ್ನಿಸಿತು. ಚಿತ್ತಾಪುರದ ಪಿಯು ಕಾಲೇಜಿನಲ್ಲಿ ನಾನು ಕಲಿಸುವುದು ಭೌತಶಾಸ್ತ್ರ.

ಭಜನೆಯವರು ಇನ್ನೂ ಬಂದಿರಲಿಲ್ಲ. ಇವರು ಬರಿಗಾಲಲ್ಲಿ, ತೊಡೆಯ ಮೇಲೆ ಗಿಟಾರಿಟ್ಟುಕೊಂಡು ಒದ್ದೆ ಪರಸಿಯ ಮೇಲೆ ಕೂತರು. ಗಿಟಾರಿಗೆ ಸಿಕ್ಕಿಸಲೆಂದು ಬಗ್ಗಿ ಸ್ಪೀಕರಿನ ವಯರಿನ ಪಿನ್ನು ಹಿಡಿದರು. ಜೋಲಿ ತಪ್ಪದಿರಲೆಂದು ಇನ್ನೊಂದು ಕೈಯನ್ನು ಕೂಲರಿನ ಮೇಲಿಟ್ಟರು.

ಸ್ವಿಚ್ ಬೋರ್ಡು ನನ್ನಿಂದ ನಾಲ್ಕು ಹೆಜ್ಜೆ. ಮುಟ್ಟಬಾರದು, ಮೊದಲು ಸ್ವಿಚ್ ಆರಿಸಬೇಕು ಎಂಬುದು ನನ್ನ ತಲೆಯಲ್ಲಿ ಪಾಠದ ಸಾಲಿನಂತೆ ಓಡುತ್ತಿತ್ತು. ಕಾಲು ಮಾತ್ರ ಏಳಲಿಲ್ಲ. ಆ ನಾಲ್ಕು ಹೆಜ್ಜೆಗಳನ್ನು ಇವತ್ತಿಗೂ ಮನಸ್ಸಿನಲ್ಲೇ ನಡೆದು ನೋಡುತ್ತೇನೆ. ಪ್ರತಿ ಸಲವೂ ಎರಡನೇ ಹೆಜ್ಜೆಗೆ ನಿಲ್ಲುತ್ತೇನೆ.

ಅತ್ತೆ ಗೋಡೆಗೆ ಒರಗಿಸಿದ್ದ ಊಟದ ಮಣೆ ತೆಗೆದುಕೊಂಡು, ಅಗಸರು ಬಟ್ಟೆ ಬಡಿಯುವ ಹಾಗೆ ಮಗನ ಎಡಗೈಗೆ ಬಡಿದರು. ಒಂದೇ ಏಟು. ಕೈ ಬಿಟ್ಟಿತು. ಇವರು ಹಿಂದಕ್ಕುರುಳಿದರು, ಗಿಟಾರು ಮಗುಚಿ ಪರಸಿಗೆ ಬಿತ್ತು. ಆ ಸದ್ದಿಗೆ ನನ್ನ ಕಾಲು ಎದ್ದವು. ಮೇನ್ ಸ್ವಿಚ್ ಆರಿಸಿದೆ.

ಕಲಬುರಗಿಯಲ್ಲಿ ಡಾಕ್ಟರು ಹೃದಯ ನೆಟ್ಟಗಿದೆ ಎಂದರು. ಎಡ ಅಂಗೈಯ ಸುಟ್ಟ ಗಾಯ ಸಣ್ಣದು, ಆದರೆ ಉಂಗುರದ ಬೆರಳು ಮತ್ತು ಕಿರುಬೆರಳು ಜೋಮು ಹಿಡಿದಂತೆಯೇ ಉಳಿದವು. ನರದ ವಿಷಯ, ಹೇಳಲಾಗದು, ಕಾಯಬೇಕು ಎಂದರು. ಮನೆಗೆ ಬಂದ ಮೇಲೆ ಮೂವರಿಗೂ ನಿದ್ದೆ ಇಲ್ಲದಾಯಿತು. ಅತ್ತೆ ಹಾಸಿಗೆಯನ್ನು ನಮ್ಮ ಕೋಣೆಯ ಬಾಗಿಲಿಗೆ ತಂದುಕೊಂಡರು. ಇವರ ಉಸಿರು ಒಂಚೂರು ನಿಧಾನವಾದರೆ ನಾನೋ ಅತ್ತೆಯೋ ಎದ್ದು ಎದೆ ಮುಟ್ಟಿ ನೋಡುತ್ತಿದ್ದೆವು. ಮುಟ್ಟಿದ್ದಕ್ಕೆ ಇವರು ಬೆಚ್ಚಿ ಏಳುತ್ತಿದ್ದರು. ಎಲೆಕ್ಟ್ರಿಶಿಯನ್ ಬಂದು ಕೂಲರಿಗೆ, ಇಡೀ ಮನೆಗೆ ಹೊಸ ಅರ್ಥಿಂಗ್ ಮಾಡಿಕೊಟ್ಟ ಮೇಲೂ ಹೀಗೇ ನಡೆಯಿತು.

ಮೂರು ವಾರದ ನಂತರ ಒಂದು ಸಂಜೆ ಕಾಲೇಜಿನಿಂದ ಬಂದಾಗ ಇವರು ಹಳೆಯ ಗಿಟಾರು ಹಿಡಿದು ಕೂತಿದ್ದರು. ಉಂಗುರದ ಬೆರಳು ತಂತಿಯ ಮೇಲಿತ್ತು, ತಂತಿ ಬಗ್ಗುತ್ತಿರಲಿಲ್ಲ. ನನ್ನನ್ನು ನೋಡಿ ಅದನ್ನು ಗೋಡೆಗೆ ಒರಗಿಸಿದರು. "ಬಿಡು. ಇಷ್ಟು ವರ್ಷ ಬಾರಿಸಿದ್ದು ಸಾಕು," ಎಂದರು. ಕೂಲರಿನ ಮುಂದೆ ಆದದ್ದಕ್ಕಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ.

ಹೊಸ ಗಿಟಾರನ್ನು ಬಿದ್ದ ದಿನದಿಂದ ಯಾರೂ ಮುಟ್ಟಿರಲಿಲ್ಲ. ಶನಿವಾರ ಕಾಲೇಜು ಬೇಗ ಬಿಡುತ್ತದೆ. ಅದನ್ನು ಚೀಲಕ್ಕಿಟ್ಟು ಹೆಗಲಿಗೆ ಹಾಕಿಕೊಂಡು ಕಾಲೇಜಿಗೆ ಹೋಗಿ, ಕ್ಲಾಸು ಮುಗಿದ ಮೇಲೆ ರೈಲಿನಲ್ಲಿ ವಾಡಿಗೆ ಹೋದೆ. ಅಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಗಿಟಾರು ಕಲಿಸುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಅವರು ಒಳಗೆ ಸಣ್ಣ ಕನ್ನಡಿ ಇಳಿಸಿ, ಟಾರ್ಚು ಬಿಟ್ಟು, ಬೆನ್ನನ್ನು ಬೆರಳಿನಿಂದ ತಟ್ಟಿ ಕೇಳಿದರು.

"ಎಲ್ಲಿ ಕೆಡವಿದ್ರಿ ಇದನ್ನ?"

"ಪರಸಿ ಮ್ಯಾಲೆ."

"ಇದೇ ಕಂಪನಿ ತುಟ್ಟಿ ಗಿಟಾರು, ಇದರ ಅಕ್ಕ ಆಗಿದ್ರ ಬೆನ್ನು ಸೀಳಿರ್ತಿತ್ತು. ಆಕಿ ಲಕ್ಷದಾಕಿ, ಭಾಳ ನಾಜೂಕು. ಇದು ತಂಗಿ. ಬೆನ್ನು, ಮಗ್ಗಲ ಪದರ ಪದರ ಒತ್ತಿ ಮಾಡಿದ ಕಟ್ಟಿಗಿ. ನಮ್ಮ ಬಿಸಲೂ ತಡೀತದ, ನಿಮ್ಮಂಥೋರನ್ನೂ ತಡೀತದ." ಮೂಲೆಯಲ್ಲಿ ಅಕ್ಕಿಕಾಳಿನಷ್ಟು ತಗ್ಗು ಬಿದ್ದಿತ್ತು, ಅಷ್ಟೇ.

ನಾನು ಬೆರಳಿನ ಸಂಗತಿ ಹೇಳಿದೆ. ಅವರು ಗಿಟಾರಿನ ಕುತ್ತಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. "ಸಹಿ ಮಾಡಿದಾಕಿ ಕೈ ಸಣ್ಣದಿರಬೇಕು. ಎಷ್ಟು ಸಪೂರ ಮಾಡಿಸ್ಯಾಳ ನೋಡ್ರಿ. ನಿಮ್ಮ ಯಜಮಾನ್ರಿಗೆ ಈಗ ಇಂಥಾದ್ದೇ ಬೇಕು. ಹಳೇದನ್ನ ಅಟ್ಟಕ್ಕ ಹಾಕ್ರಿ." ತೆಳುವಾದ ತಂತಿಗಳನ್ನು ಹಾಕಿ, ಇನ್ನೂ ಒಂದಿಷ್ಟು ಕೆಳಕ್ಕೆ ಇಳಿಸಿಕೊಟ್ಟರು. ನನ್ನ ಉಂಗುರದ ಬೆರಳನ್ನೇ ಇಡಿಸಿದರು. ಎಂದೂ ಬಾರಿಸದ ನನ್ನ ಬೆರಳಿಗೂ ತಂತಿ ಬಗ್ಗಿತು. ಕಾಣದ ಊರಿನ ಒಬ್ಬ ಹೆಂಗಸು ತನ್ನ ಕೈಗೆ ಹದವಾಗಲೆಂದು ಮಾಡಿಸಿದ್ದು ವಾಡಿಯ ಒಂದು ಕೋಣೆಯಲ್ಲಿ ನನ್ನ ಕೈಯಲ್ಲಿತ್ತು. ರೈಲಿನಲ್ಲಿ ಸೇಡಂವರೆಗೂ ಅದನ್ನು ತೊಡೆಯಿಂದ ಇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಎದುರಿಗಿಟ್ಟೆ. ಇವರು ಮುಖ ತಿರುಗಿಸಿದರು. ಅತ್ತೆ ಬಂದು ಎದುರಿಗೆ ಕೂತರು.

"ಚಪ್ಪಲಿ ತಗದಿಟ್ಟಾಕಿ ನಾ. ನೀ ಬಾರಿಸಲಿಲ್ಲಂದ್ರ ಅದು ನಾ ಸಾಯೋತನಕ ನನ್ನ ಕೈಯಾಗ ಉಳೀತದ."

ಇವರು ಎಡಗೈ ತಿಕ್ಕಿಕೊಂಡರು. "ಚಪ್ಪಲಿದೇನಿಲ್ಲವ್ವಾ. ನೀ ಆ ಊಟದ ಮಣಿಲೆ ಹೊಡದದ್ದೇ ಇನ್ನೂ ನೋಯಲಿಕತ್ತದ."

"ಸಣ್ಣಾವಿದ್ದಾಗ ಹೊಡದಿರಲಿಲ್ಲ. ಬಾಕಿ ಇತ್ತು."

ಇವರು ನಕ್ಕರು. ನಗುತ್ತಲೇ ಗಿಟಾರು ಎತ್ತಿಕೊಂಡರು. ವಯರಿಲ್ಲ, ಸ್ಪೀಕರಿಲ್ಲ. ಮೂರು ಬೆರಳಿಟ್ಟು ಒಮ್ಮೆ ಮೀಟಿದರು. ಉಂಗುರದ ಬೆರಳಿನ ತಂತಿ ಗೊರಗೊರ ಅಂದಿತು. ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟಿದರು. ಆರೂ ತಂತಿ ನುಡಿದವು. ಕಿರುಬೆರಳು ಅವತ್ತು ಏಳಲಿಲ್ಲ, ಇಂದಿಗೂ ಪೂರಾ ಏಳುವುದಿಲ್ಲ. ಅದನ್ನು ಬಿಟ್ಟು ಉಳಿದ ಮೂರರಿಂದಲೇ ಒಂದು ಪದ ಪೂರ್ತಿ ಬಾರಿಸಿದರು. ಅತ್ತೆ ಸಣ್ಣ ದನಿಯಲ್ಲಿ ಹಾಡಿದರು. ನನಗೆ ಕೈ ಮುಗಿಯಬೇಕು ಅನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

ಅಂದು ಅತ್ತೆ ಹಾಸಿಗೆಯನ್ನು ತಮ್ಮ ಕೋಣೆಗೆ ಒಯ್ದರು. ಸೋಮವಾರ ನಾವು ಏಳುವಷ್ಟರಲ್ಲಿ ಕಿಟಕಿಯ ಬಿಸಿಲು ನಡುಮನೆಯ ಅರ್ಧಕ್ಕೆ ಬಂದಿತ್ತು. ಹಾಲಿನವ ಕೂಗಿ ಕೂಗಿ ಸಾಕಾಗಿ, ಪಾಕೀಟು ಕಟ್ಟೆಯ ಮೇಲಿಟ್ಟು ಹೋಗಿದ್ದ.