ಸಹಿಯ ಮೇಲಿನ ಖಾಲಿ ಜಾಗ

ಹುಮನಾಬಾದಿನ ಶಾಲೆಯೊಂದರಲ್ಲಿ ಪಾಲಕರ ಸಭೆಗೆ ನಾನು ಹೋದಾಗಲೆಲ್ಲ ಮುಖ್ಯಗುರುಗಳ ಹುಬ್ಬು ಗಂಟಾಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ಮುಂಚೆ ಅದರ ಮೇಲಿನ ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆಯುವುದು ನನ್ನ ಅಭ್ಯಾಸ. "ನಮ್ಮ ಮ್ಯಾಲ ವಿಶ್ವಾಸ ಇಲ್ಲೇನ್ರಿ?" ಎಂದು ಒಮ್ಮೆ ಕೇಳಿಯೇಬಿಟ್ಟರು. "ನಿಮ್ಮ ಮ್ಯಾಲ ಅದ ಸರ್, ನನ್ನ ಮ್ಯಾಲೇ ಇಲ್ಲ" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಅದಕ್ಕೂ ಎಂಟೊಂಬತ್ತು ವರ್ಷ ಹಿಂದಿನ ಮಾತು. ಪಂಚಾಯತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಬಂದ ಹೊಸದು. ಮುಡಬಿ ಕಡೆಯ ನಮ್ಮ ಊರಿನ ಪಂಚಾಯತಿಯಲ್ಲಿ ಹನ್ನೊಂದು ಜನ ಸದಸ್ಯರು, ಅದರಲ್ಲಿ ನಾನೊಬ್ಬಳು. ಹುಮನಾಬಾದಿನಿಂದ ಮ್ಯಾಟ್ರಿಕ್ ಪಾಸಾಗಿ ಬಂದ ಸೊಸೆ ಎಂದು ನನ್ನನ್ನು ನಿಲ್ಲಿಸಿದ್ದರು. ಆ ಜಂಬ ನನಗೂ ಬೇಕಾದಷ್ಟಿತ್ತು. ಆದರೆ ಸಭೆಗೆ ಹೋಗಿ ಕೂರುತ್ತಿದ್ದವರು ನಮ್ಮ ಮನೆಯವರು. ನಾನು ಮಾಡುತ್ತಿದ್ದುದು ಸಹಿ ಮಾತ್ರ. ಪಂಚಾಯತಿಯ ಜವಾನ ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕವನ್ನು ಮನೆಗೇ ತರುತ್ತಿದ್ದ. "ಇಲ್ಲಿ ದಸ್ಕತ್ ಮಾಡ್ರಿ ಅವ್ವಾರ, ಮ್ಯಾಲಿಂದು ಆಮ್ಯಾಲ ಬರೀತಾರ" ಎಂದು ಖಾಲಿ ಹಾಳೆಯ ಕೆಳತುದಿಗೆ ಬೆರಳಿಡುತ್ತಿದ್ದ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ಒರೆಸಿಕೊಂಡು ಗೀಚಿ ಕಳಿಸುತ್ತಿದ್ದೆ. ಏನು ಬರೆಯುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಬಾರದು, ಅಷ್ಟೇ ನನ್ನ ಚಿಂತೆ.

ಅಧ್ಯಕ್ಷರು ನಮ್ಮ ಮನೆಯವರ ಕಾಕಾ, ನನಗೆ ಸಣ್ಣ ಮಾವ. ಆ ವರ್ಷ ಕುರುಬರ ಕುರಿಗಳು ಎರಡು ಸಲ ಬೆಳೆಗೆ ಬಿದ್ದವು. ನಮ್ಮ ಬಿಳಿಜೋಳಕ್ಕೂ ಬಿದ್ದಿದ್ದವು, ನಾನೂ ಬಾಯಿತುಂಬ ಬೈದಿದ್ದೆ. ಬೇಸಿಗೆ ಬರುವ ಹೊತ್ತಿಗೆ ಊರಿನ ಗಾಯರಾಣದಲ್ಲಿ, ಅಂದರೆ ಎಲ್ಲರ ದನಕರು ಮೇಯುವ ಜಾಗದಲ್ಲಿದ್ದ ಹೊಂಡದ ಸುತ್ತ ಜಾಲಿಮುಳ್ಳು ಬಿತ್ತು. ದನಗಳಿಗೆ ಒಂದು ಕಂಡಿ ಬಿಟ್ಟಿದ್ದರು, ಕಾವಲಿಗೆ ಒಬ್ಬ ಆಳು. ಕುರಿಗಳಿಗೆ ಪ್ರವೇಶವಿಲ್ಲ. ಕುರುಬರದು ನಾಲ್ಕೇ ಮನೆ. ಬೇಸಿಗೆಯಲ್ಲಿ ಅವರ ಕುರಿಗಳಿಗೆ ಬೇರೆ ನೀರಿರಲಿಲ್ಲ.

ಕೆಲವು ದಿನಗಳ ಮೇಲೆ ಆ ನಾಲ್ಕು ಮನೆಗಳ ಪೈಕಿ ಒಬ್ಬಾಕೆ ನಮ್ಮ ಹಿತ್ತಲಿಗೆ ಬಂದಳು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಕೂರು ಎಂದರೂ ಕೂರಲಿಲ್ಲ.

"ಕುರಿ ನೀರಿಲ್ಲದ ಸಾಯಾಕತ್ತಾವ ಅವ್ವಾರ. ಮುಳ್ಳು ಯಾಕ ಹಾಕೀರಿ ಅಂದ್ರ ಠರಾವು ಆಗ್ಯಾದ ಅಂತಾರ. ಅದರಾಗ ನಿಮ್ಮ ದಸ್ಕತ್ತೂ ಅದ ಅಂತಲ್ರೀ?"

"ನಾ ಅಂಥಾದ್ದಕ್ಕ ಮಾಡಿಲ್ಲ" ಅಂದೆ, ಗಟ್ಟಿಯಾಗಿಯೇ. ಅವಳು ನನ್ನ ಮುಖ ನೋಡಿ ಹೋದಳು. ಜವಾನ ಬಂದು ಹೋದ ಬೆಳಗು ನನಗೆ ಆಮೇಲೆ ನೆನಪಾಯಿತು.

ಕುರುಬರು ಬಸವಕಲ್ಯಾಣದ ತಾಲೂಕು ಕಚೇರಿಯ ಸಾಹೇಬರಿಗೆ ಅರ್ಜಿ ಕೊಟ್ಟರು. ಸದಸ್ಯರೆಲ್ಲ ಪುಸ್ತಕದೊಂದಿಗೆ ಬಂದು ಹೇಳಿಕೆ ಕೊಡಬೇಕೆಂದು ಕರೆ ಬಂತು. ಸಣ್ಣ ಮಾವ ಜೀಪು ಮಾಡಿಸಿದರು. ಒಬ್ಬರ ಮೇಲೊಬ್ಬರು ಕೂತೆವು, ನಮ್ಮ ಮನೆಯವರೂ ಜೊತೆಗಿದ್ದರು. ದಾರಿಯುದ್ದ ಎಲ್ಲರೂ ಒಬ್ಬರಿಗೊಬ್ಬರು ಕೇಳುವಂತೆ ಒಂದೇ ಪಾಠ ಒಪ್ಪಿಸುತ್ತಿದ್ದರು. ಸಭೆ ಆಗಿತ್ತು, ಎಲ್ಲರೂ ಇದ್ದೆವು, ಎಲ್ಲರೂ ಒಪ್ಪಿದೆವು.

ನಾನು ಬಾಯಿ ಬಿಡದ್ದು ನೋಡಿ ಸಣ್ಣ ಮಾವ ಮುಂದಿನ ಸೀಟಿನಿಂದ ತಿರುಗಿದರು. "ಹತ್ತು ಮಂದಿ ಹೂಂ ಅಂದಾರ. ನೀ ಒಬ್ಬಾಕಿ ಊಹೂಂ ಅಂದ್ರೂ ಠರಾವು ಆಗೂದೇ. ಮತ್ತ್ಯಾಕ ಮನಿ ಮರ್ಯಾದಿ ಕಳೀತಿ? ದಸ್ಕತ್ ನಿಂದೇನು ಅಂತ ಕೇಳ್ತಾರ, ಹೌದ್ರಿ ಅನ್ನು. ಅದರಾಗ ಸುಳ್ಳೇನದ?"

ಸುಳ್ಳೇನೂ ಇರಲಿಲ್ಲ, ಅದೇ ನನ್ನ ಸಂಕಟ. ಹತ್ತು ಜನ ಮನಸಾರೆ ಒಪ್ಪಿದ್ದೂ ಸುಳ್ಳಲ್ಲ. ನಿಜ ಹೇಳಬೇಕೆಂದರೆ, ಜೋಳ ಮೇಯಿಸಿಕೊಂಡ ಸಿಟ್ಟಿನಲ್ಲಿ ಸಭೆ ಕರೆದಿದ್ದರೆ ನಾನೂ ಕೈ ಎತ್ತುತ್ತಿದ್ದೆನೋ ಏನೋ. ಆದರೆ ಇಷ್ಟು ಜನ ಒಪ್ಪಿದ್ದರೆ ಖಾಲಿ ಹಾಳೆ ಯಾಕೆ ಬೇಕಿತ್ತು? ಈ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಸಭೆ ಕರೆದರೆ ಕುರುಬರಿಗೂ ತಿಳಿಸಬೇಕು. ಅವರು ಬಂದು ಎದುರಿಗೆ ನಿಲ್ಲುತ್ತಾರೆ. ಆ ಮುಖಗಳನ್ನು ನೋಡುತ್ತ, ನಿಮ್ಮ ಕುರಿಗೆ ನೀರಿಲ್ಲ ಎಂದು ಕೈ ಎತ್ತಬೇಕು. ಅದೊಂದು ಯಾರಿಗೂ ಬೇಡವಾಗಿತ್ತು.

ಕಚೇರಿಯಲ್ಲಿ ಸಾಹೇಬರು ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದರು. ಸಹಿ ನಿಮ್ಮದೇ? ಹೌದ್ರಿ. ಸಭೆಗೆ ಇದ್ದಿರಾ? ಹೌದ್ರಿ. ಹಿತ್ತಲಿಗೆ ಬಂದಿದ್ದ ಕುರುಬರಾಕೆ ಗೋಡೆಗೆ ಒತ್ತಿ ನಿಂತಿದ್ದಳು. ನನ್ನ ಸರದಿ ಬರುವ ಹೊತ್ತಿಗೆ ಸಾಹೇಬರಿಗೂ ಬೇಸರ ಬಂದಿತ್ತೇನೋ, ಒಂದೇ ಪ್ರಶ್ನೆ ಕೇಳಿದರು.

"ಸಹಿ ನಿಮ್ಮದೇನಮ್ಮ?"

"ಹೌದ್ರಿ."

"ಆಯ್ತು, ಹೋಗಿ."

ಇಷ್ಟೇ. ನಾನು ಪಾರಾಗಿದ್ದೆ. ಬಾಗಿಲಲ್ಲಿ ನಮ್ಮ ಮನೆಯವರು ಕಣ್ಣಲ್ಲೇ ಬಾ ಎನ್ನುತ್ತಿದ್ದರು. ನಾನು ಮತ್ತೆ ಮೇಜಿನತ್ತ ತಿರುಗಿದೆ.

"ಸಾಹೇಬ್ರ, ಇನ್ನೊಂದು ಮಾತು ಕೇಳ್ರಿ ನನಗ. ನಾ ದಸ್ಕತ್ ಮಾಡೂಮುಂದ ಅದರ ಮ್ಯಾಲ ಏನಿತ್ತು ಅಂತ ಕೇಳ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. "ಏನಿತ್ತು?"

"ಏನೂ ಇರಲಿಲ್ರಿ. ಹಾಳಿ ಖಾಲಿ ಇತ್ತು. ನಾ ಸಭಾಕ್ಕ ಹೋಗೇ ಇಲ್ಲ."

"ಮನಿ ಜಗಳ ಸಾಹೇಬ್ರ, ಸಿಟ್ಟಿನ ಮ್ಯಾಲ ಮಾತಾಡಾಕತ್ಯಾಳ" ಎಂದರು ಸಣ್ಣ ಮಾವ. ಸಾಹೇಬರು ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡರು. ಹಾಳೆಯ ಮೇಲ್ಗಡೆ ದುಂಡಗೆ, ಧಾರಾಳವಾಗಿ ಬರೆದ ಅಕ್ಷರ ಕೆಳಗೆ ಬರುತ್ತ ಬರುತ್ತ ಇರುವೆಯಷ್ಟಾಗಿತ್ತು. ಕೊನೆಯ ಸಾಲು ನನ್ನ ಸಹಿ ಅಡ್ಡ ಬಂದದ್ದಕ್ಕೆ ಅಂಚು ಹಿಡಿದು ಮೇಲಕ್ಕೆ ತಿರುಗಿತ್ತು. ಬರೆದ ಮೇಲೆ ಸಹಿಯಾಗಿದ್ದರೆ ಬರಹಕ್ಕೆ ಜಾಗ ಸಾಲದೇ ಹೋಗುವುದು ಹೇಗೆ? ಅವರು ಹಿಂದಿನ ಹಾಳೆಗಳನ್ನೂ ತಿರುವಿ ನೋಡಿದರು. ನಾನು ಸೆರಗಿನ ತುದಿ ಹಿಂಡುತ್ತ ನಿಂತೇ ಇದ್ದೆ.

ಠರಾವು ನಿಲ್ಲಿಸಿದ್ದೇನೆ ಎಂದರು ಸಾಹೇಬರು. ಇವತ್ತೇ ಮುಳ್ಳು ತೆಗೆಯಬೇಕು. ಬೇಕಿದ್ದರೆ ಮತ್ತೆ ಸಭೆ ಕರೆಯಿರಿ, ಆದರೆ ಆ ನಾಲ್ಕೂ ಮನೆಯವರನ್ನು ಎದುರಿಗೆ ಕೂರಿಸಿ, ಅವರ ಮಾತು ಕೇಳಿ, ಆಮೇಲೆ ಕೈ ಎತ್ತಿ. ಹತ್ತು ಜನರ ಬಲ ಸಣ್ಣ ಮಾವನ ಬಳಿ ಇದ್ದೇ ಇತ್ತು. ಆದರೂ ನನ್ನ ಅವಧಿ ಮುಗಿಯುವವರೆಗೆ ಆ ಸಭೆಯನ್ನು ಯಾರೂ ಕರೆಯಲಿಲ್ಲ.

ಹೊರಗೆ ಬಂದಾಗ ಜೀಪು ಹೊರಟುಹೋಗಿತ್ತು. ನಮ್ಮ ಮನೆಯವರೂ ಅದರಲ್ಲೇ ಹೋಗಿದ್ದರು. ಇದನ್ನು ನಾನು ಅವರಿಗೆ ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ, ಅವರಿಗೂ ಅದು ಗೊತ್ತು. ಬಸ್‌ಸ್ಟ್ಯಾಂಡಿಗೆ ನಡೆದೆ. ಮುಡಬಿ ಬಸ್ಸಿನಲ್ಲಿ ಖಾಲಿಯಿದ್ದದ್ದು ಕುರುಬರಾಕೆಯ ಪಕ್ಕದ ಸೀಟು. ಅವಳೇ ಸರಿದು ಜಾಗ ಕೊಟ್ಟಳು.

ಒಂದು ಒಳ್ಳೆಯ ಮಾತಿಗೆ ನಾನು ಕಾದು ಕೂತಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮನೆಯವರನ್ನು ಎದುರು ಹಾಕಿಕೊಂಡು ಬಂದವಳು, ಅಷ್ಟಾದರೂ ಸಿಗಬೇಕೆಂಬ ಆಸೆ. ಬಸ್ಸು ಬಸವಕಲ್ಯಾಣ ದಾಟಿದ ಮೇಲೆ ಅವಳು ಕಿಟಕಿಯಾಚೆ ನೋಡುತ್ತಲೇ ಮಾತಾಡಿದಳು.

"ಇವತ್ತ ಹೇಳಿದ್ದು ಚಲೋ ಆತ್ರಿ. ಉಳದಾವು ಉಳೀತಾವ." ಆಮೇಲೆ ನನ್ನ ಕಡೆ ತಿರುಗಿದಳು. "ಹಾಲು ಕುಡಿಸೋ ಕುರಿ ಮೊದಲ ಸತ್ತುವ್ರಿ. ಖಾಲಿ ಹಾಳ್ಯಾಗ ದಸ್ಕತ್ ಮಾಡೂಮುಂದ ನಿಮಗ ಯಾರೂ ನೆನಪಾಗಲಿಲ್ಲೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

"ಇಲ್ಲ" ಅಂದೆ.

ಅವಳು ತಲೆಯಾಡಿಸಿದಳು. ಮತ್ತೆ ಕಿಟಕಿಯತ್ತ ತಿರುಗಿದಳು.