ಎತ್ತಿ ನೋಡದ ಹಾರ

ನಾನು ಮುಂಗೋಪಿ, ಒಪ್ಪಿಕೊಳ್ಳುತ್ತೇನೆ. ವಿಮೆ ಕಚೇರಿಯಲ್ಲಿ ಇಷ್ಟು ವರ್ಷ ಕೂತವನಿಗೆ ಅದು ತಾನಾಗಿಯೇ ಬರುತ್ತದೆ. ಗದಗಿನ ಕಡೆಯ ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ನನ್ನ ಮೇಜಿಗೆ ಬಂದದ್ದು ಯಾರಿಗೂ ಬೇಡವಾದ ಕೆಲಸ. ಕುಡಿದು ಓಡಿಸಿ ಲೈಸೆನ್ಸ್ ಕಳಕೊಂಡವರು, ಯಾರಿಗೋ ಗುದ್ದಿ ಗಾಡಿಯನ್ನು ಠಾಣೆಯ ಅಂಗಳದಲ್ಲಿ ಬಿಟ್ಟವರು ಕೋರ್ಟಿಗೆ ಒಂದು ಕಾಗದ ಒಪ್ಪಿಸಬೇಕು. ಅಪಘಾತದ ಹೊತ್ತಿಗೆ ಗಾಡಿಗೆ ವಿಮೆ ಇತ್ತು ಎಂಬ ದೃಢೀಕರಣ. ಅದನ್ನು ಬರೆಯುವವನು ನಾನು. ಅದರಲ್ಲಿ ತಾರೀಖಿನಷ್ಟೇ ಗಂಟೆ ನಿಮಿಷವೂ ಮುಖ್ಯ.

ವಿಮೆ ಮುಗಿದುಹೋದ ಗಾಡಿಗೆ ಹೊಸದಾಗಿ ಮಾಡಿಸಲು ಬಂದರೆ ಅದನ್ನು ಕಣ್ಣಾರೆ ನೋಡುವ ಕೆಲಸವೂ ನನ್ನದೇ. ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಗಾಡಿಯ ಚೌಕಟ್ಟಿನಲ್ಲಿ ಕೊರೆದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ಎತ್ತಬೇಕು. ಸಂಜೆ ಮನೆಗೆ ಹೋದರೆ ಬೆರಳೆಲ್ಲ ಕಪ್ಪು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೆಂಡತಿ ನಗುತ್ತಿದ್ದಳು.

ಒಂದು ಶನಿವಾರ, ಹನ್ನೆರಡೂಕಾಲಿಗೆ, ಕೆಳಗೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವನು ನಲವತ್ತರ ಆಸುಪಾಸಿನ ಸಂಭಾವಿತ, ಹಣೆಯಲ್ಲಿ ನಾಮ. ಹಿಂದೊಮ್ಮೆ ಕುಡಿದು ಓಡಿಸಿ ಆರು ತಿಂಗಳು ಲೈಸೆನ್ಸ್ ಕಳಕೊಂಡವನು ಎಂದು ನನಗೆ ಗೊತ್ತಿತ್ತು. ಆಗಲೂ ಅವನ ಕಾಗದ ಬರೆದವನು ನಾನೇ.

"ಸಿಂಹಾಚಲಂನಿಂದ ನೇರ ಬಂದೆ ಸಾರ್. ಸ್ವಾಮಿಗೆ ಪೂಜೆ ಮಾಡಿಸಿದೆ. ಮುಗಿದ ವಿಮೆ ಮಾಡಿಕೊಡಿ, ಇವತ್ತಿನಿಂದ ಎಲ್ಲ ಹೊಸದು," ಎಂದ.

ಕಾರಿನ ಮುಂಭಾಗವನ್ನು ಅಡ್ಡಕ್ಕೆ ಮುಚ್ಚುವಂತೆ ದಪ್ಪನೆಯ ಚೆಂಡುಹೂವಿನ ಹಾರ. ಮಳೆಯಿರಲಿಲ್ಲ, ಸುಡುಬಿಸಿಲು, ಆದರೂ ಮುಂಭಾಗ ಮಾತ್ರ ಒದ್ದೆಯಿತ್ತು. ತೊಳೆಸಿರಬೇಕು ಅಂದುಕೊಂಡೆ. ನಿಯಮದ ಪ್ರಕಾರ ಆ ಹಾರ ಎತ್ತಿ ನೋಡಬೇಕು. ನಾನು ಎತ್ತಲಿಲ್ಲ. ದೇವರ ಮುಂದಿನಿಂದ ಬಂದ ಹಾರಕ್ಕೆ ಪೆನ್ಸಿಲ್ ಕಪ್ಪಿನ ಕೈ ಹಾಕುವುದು ನಮ್ಮ ಮನೆಯಲ್ಲಿ ಕಲಿಸಿದ್ದಲ್ಲ. ಚಪ್ಪಲಿ ಬಿಟ್ಟು ಕೈಮುಗಿದು ಫೋಟೊ ತೆಗೆದೆ. ಚಾಸಿ ನಂಬರು ಮುಂದಿನ ಸೀಟಿನ ಕೆಳಗಿತ್ತು, ಅಚ್ಚು ಎತ್ತಿದೆ. ಹನ್ನೆರಡೂ ನಲವತ್ತಕ್ಕೆ ಪಾಲಿಸಿ ಕೈಗೆ ಕೊಟ್ಟೆ.

ಹೊರಡುವಾಗ ಹಾರದ ಅಡಿಯಿಂದ ಒಂದು ಮೊಳ ಹೂವು ಜಾರಿ ನೆಲಕ್ಕೆ ಬಿತ್ತು. ಚೆಂಡುಹೂವಲ್ಲ, ಮಲ್ಲಿಗೆ ಕನಕಾಂಬರ ಸೇರಿಸಿ ಕಟ್ಟಿದ್ದು. ಪ್ರಸಾದ ನೆಲಕ್ಕೆ ಬೀಳಬಾರದಲ್ಲ, ಎತ್ತಿ ಕಣ್ಣಿಗೊತ್ತಿಕೊಂಡೆ. ಅವನು ಅದನ್ನೇ ದಿಟ್ಟಿಸಿ ನೋಡಿದ.

"ನೀವೇ ಇಟ್ಟುಕೊಳ್ಳಿ ಸಾರ್," ಎಂದು ಬೇಗ ಕಾರು ಹತ್ತಿದ.

ಮನೆಗೆ ತಂದುಕೊಟ್ಟೆ. ಹೆಂಡತಿಗೆ ಖುಷಿಯೋ ಖುಷಿ. "ಎಂದಾರ ಒಂದಿನಾ ಹೂವು ತಂದವರಲ್ಲ, ಇವತ್ತೇನ್ ಬಂತ್ರಿ ನಿಮಗ?" ಎನ್ನುತ್ತ ಮುಡಿದುಕೊಂಡಳು. ಬಾಡಿರಲಿಲ್ಲ. ರಾತ್ರಿ ಊಟದ ಹೊತ್ತಿಗೂ ಮನೆಯೆಲ್ಲ ಘಮಘಮ.

ಇಪ್ಪತ್ತು ದಿನ ಕಳೆದ ಮೇಲೆ ಕೋರ್ಟಿನ ಪತ್ರ ಬಂತು. ಅದೇ ಶನಿವಾರ ಸಿಂಹಾಚಲಂ ರಸ್ತೆಯಲ್ಲಿ ಅದೇ ಕಾರು ಒಬ್ಬ ಹೆಂಗಸಿಗೆ ಗುದ್ದಿ ನಿಲ್ಲದೆ ಹೋಗಿತ್ತು, ಆಕೆ ಅಲ್ಲೇ ತೀರಿಕೊಂಡಿದ್ದಳು. ದೂರದಿಂದ ಕಂಡವನೊಬ್ಬ ನಂಬರು ಹೇಳಿದ್ದ, ಹೊತ್ತು ಸರಿಯಾಗಿ ಹೇಳಲಾರದೆ ಹೋಗಿದ್ದ. ಪೊಲೀಸರು 'ಹನ್ನೆರಡರಿಂದ ಒಂದರ ನಡುವೆ' ಎಂದು ಬರೆದಿದ್ದರು. ಆ ಹೊತ್ತಿಗೆ ವಿಮೆ ಇತ್ತೇ, ಅನುಮಾನವಿದ್ದರೆ ತಿಳಿಸಿ ಎಂದು ನನ್ನನ್ನು ಕೇಳಿದ್ದರು.

ಮರುದಿನ ತೀರಿಕೊಂಡಾಕೆಯ ಮಗಳು ಬಂದಳು. ಹತ್ತೊಂಬತ್ತು ವರ್ಷವಿರಬೇಕು. ಅಪ್ಪ ಮೊದಲೇ ಇಲ್ಲ. ನಾಲ್ಕು ಮನೆಯಲ್ಲಿ ಅಡುಗೆ ಮಾಡಿ ತಾಯಿ ಓದಿಸುತ್ತಿದ್ದಳಂತೆ. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗವಚಿಕೊಂಡು ಕೂತು ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದಳು.

"ಶನಿವಾರ ಅಂತ ಬೆಳಿಗ್ಗೆ ನಾನೇ ಅಮ್ಮನಿಗೆ ಹೂವು ಕಟ್ಟಿ ಮುಡಿಸಿದ್ದೆ ಸಾರ್. ಮಲ್ಲಿಗೆ, ಕನಕಾಂಬರ. ಆಸ್ಪತ್ರೆಯಲ್ಲಿ ನೋಡಿದರೆ ತಲೆಯಲ್ಲಿ ಹೂವಿರಲಿಲ್ಲ. ರಸ್ತೆಯಲ್ಲೆಲ್ಲ ಹುಡುಕಿದೆ, ಅಲ್ಲೂ ಇರಲಿಲ್ಲ."

 ಫೈಲಿನ ಮೇಲೆ ಅಂಗೈ ಊರಿಕೊಂಡೇ ಕೂತೆ. ಹನ್ನೆರಡೂ ನಲವತ್ತಕ್ಕಿಂತ ಮೊದಲೇ ಆಕೆ ಸತ್ತಿದ್ದಳು ಎನ್ನುವುದಕ್ಕೆ ಲೋಕದಲ್ಲಿ ಇದ್ದದ್ದು ಒಂದೇ ಸಾಕ್ಷಿ. ಅದನ್ನು ನನ್ನ ಹೆಂಡತಿ ಮುಡಿದು, ಬಾಡಿದ ಮೇಲೆ ತುಳಸಿ ಬುಡಕ್ಕೆ ಹಾಕಿದ್ದಳು.

"ಇನ್ಶೂರೆನ್ಸ್ ಇತ್ತಾ ಸಾರ್?"

ಇರಲಿಲ್ಲ ಎಂದರೆ ಕಚೇರಿ ಅವಳಿಗೆ ಕವಡೆಯನ್ನೂ ಕೊಡುವುದಿಲ್ಲ, ಅವಳ ಓದು ಅಲ್ಲಿಗೆ ಮುಗಿಯಿತು. ಇತ್ತು ಎಂದರೆ ಅವನಿಗೆ ಕಾರು ವಾಪಸು ಸಿಗುತ್ತದೆ, ಹೇಗೋ ಜಾರಿಕೊಳ್ಳುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇತ್ತು ಎಂದರೆ ಹಾರ ಎತ್ತಿ ನೋಡದ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಅದನ್ನು ಹೇಳದೆ ಬರೀ ಅವಳಿಗಾಗಿ ಎಂದರೆ ಸುಳ್ಳಾದೀತು.

"ಇತ್ತಮ್ಮ," ಎಂದೆ. ಅನುಮಾನವಿಲ್ಲ ಎಂದು ಬರೆದು ಸಹಿ ಹಾಕಿದೆ.

ಅಂದಿನಿಂದ ಶುರುವಾಯಿತು ನೋಡಿ. ಯಾವ ಗಾಡಿಯ ಅಚ್ಚು ಎತ್ತಲು ಬಗ್ಗಿದರೂ ಮೂಗಿಗೆ ಮಲ್ಲಿಗೆ. ಡೀಸೆಲ್ ಟ್ಯಾಂಕರಿನ ಕೆಳಗೂ ಮಲ್ಲಿಗೆ. ಸೋಪು ಹಾಕಿ ಕೈ ತೊಳೆದರೆ ಇನ್ನೂ ಹೆಚ್ಚು. ಯಾರಿಗೆ ಹೇಳಲಿ? ಹೆಂಡತಿ ಹೂವು ಮುಡಿದು ಎದುರು ಬಂದರೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಪಾಪ, ಅವಳಿಗೆ ಕಾರಣ ತಿಳಿಯದು.

ಎರಡು ವರ್ಷಕ್ಕೆ ವಿಜಯವಾಡಕ್ಕೆ ವರ್ಗವಾಯಿತು. ಪಟಮಟದಲ್ಲಿ ಮನೆ ಹಿಡಿದೆವು. ಊರು ಬದಲಾದರೆ ವಾಸನೆ ಬಿಟ್ಟೀತು ಎಂಬ ಆಸೆಯಿತ್ತು, ನಿಜಕ್ಕೂ ಬಿಟ್ಟಿತು. ಎಂಟು ತಿಂಗಳು ನೆಮ್ಮದಿಯಾಗಿದ್ದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲಿಳಿಯುತ್ತಿದ್ದಂತೆ ಗಮ್ಮೆಂದಿತು. ಕೆಳಗೆ ಬೇರೆ ಕಾರು, ಅದೇ ಮನುಷ್ಯ, ಅದೇ ನಾಮ, ಮುಂದೆ ಅಡ್ಡಲಾಗಿ ಚೆಂಡುಹೂವಿನ ಹಾರ.

"ಈಗ ನಾನೂ ಇದೇ ಊರು ಸಾರ್, ಭವಾನಿಪುರಂನಲ್ಲಿದ್ದೇನೆ. ನಿಮ್ಮ ಕೈಗುಣ ದೊಡ್ಡದು. ಮಾಡಿಸಿದರೆ ನಿಮ್ಮ ಕೈಯಲ್ಲೇ ಮಾಡಿಸಬೇಕು ಅಂತ ವಿಚಾರಿಸಿಕೊಂಡು ಬಂದೆ."

ಹಾರದಲ್ಲಿ ಒಂದೆಸಳು ಮಲ್ಲಿಗೆಯೂ ಇರಲಿಲ್ಲ. ಮುಂಭಾಗ ಒದ್ದೆಯಿತ್ತು. ನಾನು ಚಪ್ಪಲಿ ಬಿಡಲಿಲ್ಲ. ಎರಡೂ ಕೈಯಿಂದ ಹಾರ ಎತ್ತಿದೆ. ಎಡಗಡೆಯ ದೀಪ ಒಡೆದಿತ್ತು.

"ನಾಯಿ ಸಾರ್. ಈಗ ಬರುವಾಗ ಅಡ್ಡ ಬಂತು," ಎಂದ.

ಒಡೆದ ಗಾಜಿನ ಅಂಚಿಗೆ ಏನೋ ಸಿಕ್ಕಿಕೊಂಡಿತ್ತು. ಮೆಲ್ಲಗೆ ಎಳೆದೆ. ಬಂತು, ಬರುತ್ತಲೇ ಇತ್ತು. ಒಂದೇ ಒಂದು ಕೂದಲು, ಒಂದು ಮೊಳದುದ್ದ.

ಅವನ ಎದುರಿಗೇ ಠಾಣೆಗೆ ಫೋನ್ ಮಾಡಿ ಗಂಟೆ ನಿಮಿಷ ಹೇಳಿದೆ. ಪೊಲೀಸರು ಬಂದ ಮೇಲೆ ವಿಶಾಖಪಟ್ಟಣದ ಶನಿವಾರದ್ದನ್ನೂ ಬರೆಸಿ ಸಹಿ ಹಾಕಿದೆ. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಆ ಹುಡುಗಿಗೆ ಸಿಕ್ಕಿದ್ದ ಪರಿಹಾರವನ್ನು ವಾಪಸು ಕೇಳುತ್ತಾರೋ ಏನೋ, ಇನ್ನೂ ಯಾರೂ ಹೇಳಿಲ್ಲ.  ಈ ಕೂದಲಿನವಳು ಬದುಕಿದ್ದಾಳೆ, ಕಾಲು ಮುರಿದಿದೆ ಎಂದು ಸಂಜೆ ಠಾಣೆಯಿಂದ ತಿಳಿಯಿತು.

ಮನೆಗೆ ಬಂದು ಹೆಂಡತಿಯನ್ನು ಕೂಡಿಸಿ, ಅವತ್ತು ಅವಳು ಮುಡಿದದ್ದು ಯಾರ ಹೂವು ಎಂದು ಹೇಳಿದೆ. ಅವಳ ಕೈ ನಿಧಾನಕ್ಕೆ ತುರುಬಿನ ಹಿಂದೆ ಹೋಯಿತು.

"ಅವತ್ತ ರಾತ್ರಿ ಒಬ್ಬಾಕಿ ಕನಸಿನಾಗ ಬಂದು ನನ್ನ ತಲಿ ಸವರ್ತಿದ್ಲು," ಎಂದಳು. "ಮರುದಿನಾನೂ ಬಂದ್ಲು. ಇಲ್ಲಿಗೆ ಬಂದ ಮ್ಯಾಲೂ ಬರ್ತಾಳ. ನೀವು ಸಿಟ್ಟಿನವರು, ನಕ್ಕೀರಿ ಅಂತ ಹೇಳಿದ್ದಿಲ್ಲ. ಆಕಿ ಹೆಸರೇನ್ರಿ?"

ಕೋರ್ಟಿನ ಕಾಗದದಲ್ಲಿ ನಾನೇ ಬರೆದಿದ್ದ ಹೆಸರು. ಹೇಳಿದೆ.